ಗೌರಿಬಿದನೂರಿಗೆ ಬಂದ ಜಹಾಜು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ವಜೀರುನ್ನೀಸಾ ಕಾಲಿಟ್ಟಳೆಂದರೆ ರೈತರು ಮಾರಲು ತಂದ ಗೂಡಿನ ರಾಶಿಯ, ತಮ್ಮ ತಮ್ಮ ಲಾಟಿನ, ಮುಂದೆ ಸ್ವಲ್ಪ ನೆಟ್ಟಗೆ ನಿಲ್ಲುತ್ತಿದ್ದರು. ನೂಲು ತೆಗೆಯುವ ಬೇರೆ ರೀಲರುಗಳು ರಾಶಿಯ ಮೇಲಿಂದ ಒಂದು ಹಿಡಿ ರೇಷ್ಮೆಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ ಮುಂದಕ್ಕೆ ಹೋಗುವವರು. ಇವಳು ಹಾಗಲ್ಲ. ಬುರ್ಖಾದ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿ, ಕೈಯನ್ನು ರಾಶಿಯೊಳಕ್ಕೆ ಇಳಿಬಿಟ್ಟು, ತಳ ಉಗುರಿಗೆ ತಾಗುವ ತನಕ ಬಿಡುತ್ತಿರಲಿಲ್ಲ. ಅಲ್ಲಿಂದ ಒಂದು ಮುಷ್ಟಿ ಎತ್ತಿ, ಬೆಳಕಿಗೆ ಹಿಡಿದು, ಆಮೇಲೆ ಗೂಡನ್ನಲ್ಲ, ಗೂಡು ತಂದವನ ಮುಖವನ್ನು ನೋಡುತ್ತಿದ್ದಳು.

“ಮೇಲೆ ಬೆಳ್ಳಗಿರೋದ್ನ ಕೂರ್ಸಿ ಕೆಳಗೆ ಏನು ಮಲಗ್ಸಿದ್ದೀರ ಆವಲಪ್ಪಣ್ಣ?”

ಜಂಗಮಕೋಟೆಯ ಆವಲಪ್ಪ ವರ್ಷಗಳಿಂದ ಇವಳಿಗೆ ಗೂಡು ಮಾರಿದವನು, ಈ ಪ್ರಶ್ನೆ ಅವನಿಗೆ ಹೊಸದಲ್ಲ. “ತಳದಾಗಿರೋದು ಒಂದಿಷ್ಟು ನಜ್ಜಾಗ್ದೆ ಇರ್ತದಾ ವಜೀರಮ್ಮ? ಮೇಲಿನ ಭಾರ ಎಲ್ಲಾ ಹೊತ್ಕೊಂಡು ಕೂತಿರೋದು ಅದೇ ಅಲ್ವಾ?” ಎಂದು ನಗುತ್ತಿದ್ದ.

ಅದು ಅವಳಿಗೂ ಗೊತ್ತಿತ್ತು. ಗೂಡು ಬೇಯಿಸುವ ನೀರಿನಲ್ಲಿ ಬೆರಳು ಅದ್ದಿ ಅದ್ದಿ ಉಗುರು ಬಿಳಿಚಿಕೊಂಡವಳಿಗೆ ಅಷ್ಟು ಗೊತ್ತಿರದೆ ಏನು? ಗೊತ್ತಿದ್ದೂ ಆ ನಜ್ಜಾದ ನಾಲ್ಕು ಗೂಡನ್ನೇ ಮುಂದೆ ಹಿಡಿದು ಹರಾಜಿನಲ್ಲಿ ಕೈ ಬಿಗಿ ಮಾಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ನೂಲು ತೆಗೆಯುವ ಘಟಕವನ್ನು ಒಬ್ಬಳೇ ನಡೆಸಿ, ಮಗಳನ್ನು ಓದಿಸಿ, ತಲೆಯೆತ್ತಿಕೊಂಡು ಬದುಕಿದ್ದೇ ಆ ಕೈಯಿಂದ ಎಂದು ಅವಳ ನಂಬಿಕೆ. ನಂಬಿಕೆ ಎಂಬ ಪದ ಅವಳ ಮಟ್ಟಿಗೆ ಸಲ್ಲುತ್ತಿದ್ದದ್ದು ಅದೊಂದು ಕಡೆ ಮಾತ್ರ. ಮಾವಿನಹಣ್ಣಿನವನ ಬುಟ್ಟಿ, ಹಾಲಿನವನ ಕ್ಯಾನು, ಡಾಕ್ಟರು ಬರೆದ ಮಾತ್ರೆ, ಎಲ್ಲಕ್ಕೂ ಅವಳ ಕೈ ತಳಕ್ಕೇ ಹೋಗುತ್ತಿತ್ತು.

ಇದಕ್ಕೊಂದು ಕಾರಣವೂ ಮನೆಯಲ್ಲೇ ಇತ್ತು. ತಂಗಿ ಮುಸರ್ರತ್‌ಳನ್ನು ಹತ್ತೊಂಬತ್ತನೇ ವಯಸ್ಸಿಗೆ ಒಬ್ಬ ದುಬೈ ಹುಡುಗನಿಗೆ ಕೊಟ್ಟಿದ್ದರು. ಕಾರಿಗೆ ಒರಗಿ ನಿಂತ ಅವನ ಫೋಟೋ ನೋಡಿಯೇ ಮನೆಮಂದಿ ಮರುಳಾಗಿದ್ದು. ಕಾರು ಯಾರದೋ, ಹಿಂದೆ ಕಾಣುತ್ತಿದ್ದ ಅಂಗಡಿ ಯಾರದೋ, ಹುಡುಗನಿಗೆ ಮೊದಲೇ ಒಬ್ಬ ಹೆಂಡತಿ. ಎರಡು ತಿಂಗಳಿಗೆ ಮುಸರ್ರತ್ ಮೂಳೆಚಕ್ಕಳವಾಗಿ ವಾಪಸು ಬಂದವಳು, ಅಂದಿನಿಂದ ಅಕ್ಕನ ಮನೆಯಲ್ಲೇ ಉಳಿದಳು. ಮಾತು ಕಡಿಮೆ, ಕೆಲಸ ಜಾಸ್ತಿ.

ಹೀಗಿರುವಾಗ ಮಗಳು ಅಂಬರೀನ್‌ಗೆ ಚಿಂತಾಮಣಿಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಅರ್ಬಾಜ್. ಕೆಲಸ ಎಲ್ಲಿ ಎಂದರೆ, ಸಮುದ್ರದ ಮೇಲೆ. ಪ್ರವಾಸಿಗರನ್ನು ದೇಶ ದೇಶ ಸುತ್ತಿಸುವ ಹಡಗಿನ ಅಡುಗೆಮನೆಯಲ್ಲಿ ಬ್ರೆಡ್ಡು, ಕೇಕು ಮಾಡುವವನು, ಈಗ ರಜೆಯ ಮೇಲೆ ಬಂದಿದ್ದಾನೆ. ಅಂಬರೀನ್ ಚಿಕ್ಕಬಳ್ಳಾಪುರದ ಒಂದು ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ಪರೀಕ್ಷೆ ಮಾಡುವವಳು, ಯಾವ ಸಂಬಂಧ ಬಂದರೂ ಮೂಗು ಮುರಿಯುತ್ತಿದ್ದಳು. ಇದಕ್ಕೆ ಮಾತ್ರ “ನೋಡೋಣ” ಎಂದಳು. ಆ ಒಂದು ಮಾತೇ ತಾಯಿಯ ಕಿವಿ ನಿಮಿರಿಸಲು ಸಾಕಾಯಿತು.

ಹುಡುಗ ತಾಯಿಯ ಜೊತೆ ಬಂದ. ಬಣ್ಣ ಪರವಾಗಿಲ್ಲ, ಮೈ ಸ್ವಲ್ಪ ಬಡಕಲು. ಮುಂಗೈ ಮೇಲೆ ಸುಟ್ಟ ಗೆರೆಗಳು. ಒಲೆಯ ಮುಂದೆ ನಿಲ್ಲುವವನಿಗೆ ಅವು ಸಹಜ ಎಂದು ವಜೀರುನ್ನೀಸಾ ಅಷ್ಟನ್ನು ಬಿಟ್ಟುಕೊಟ್ಟಳು.

“ಯಾವ ಜಹಾಜು ಬೇಟಾ?” ಎಂದು ಕೇಳಿದಳು. ಅವರ ಮನೆಯ ಉರ್ದುವಿನಲ್ಲಿ ಅರ್ಧಕ್ಕರ್ಧ ಕನ್ನಡವೇ ಇರುತ್ತಿತ್ತು.

ಅರ್ಬಾಜ್ ಫೋನು ತೆಗೆದು ಒಂದು ಫೋಟೋ ತೋರಿಸಿದ. ಬಿಳಿ ಹಡಗು, ಸಾಲು ಸಾಲು ಕಿಟಕಿ, ಮೂತಿಯ ಮೇಲೆ ನೀಲಿ ಅಕ್ಷರದಲ್ಲಿ ‘ಅಜೂರಾ ಬೆಲ್’ ಎಂಬ ಹೆಸರು. ಫೋಟೋ ಎಂದ ಕೂಡಲೇ ವಜೀರುನ್ನೀಸಾಳಿಗೆ ಕಾರಿಗೆ ಒರಗಿ ನಿಂತ ಆ ಇನ್ನೊಂದು ಫೋಟೋ ನೆನಪಾಯಿತು. ಕನ್ನಡಕ ಸರಿಮಾಡಿಕೊಂಡು ನೋಡಿದಳು. ಹಡಗಿನ ಮೈಮೇಲೆ ಅಲ್ಲಲ್ಲಿ ತುಕ್ಕು ಕಣ್ಣೀರಿನ ಹಾಗೆ ಇಳಿದಿತ್ತು.

“ವಾಪಸ್ ಯಾವಾಗ ಹೋಗೋದು?”

ಹುಡುಗ ತಾಯಿಯ ಕಡೆ ನೋಡಿದ. ತಾಯಿ “ಇನ್ನೆರಡು ತಿಂಗಳಿಗೆ ಹೋಗ್ತಾನೆ” ಎಂದರು. ಹುಡುಗ ನೀರಿನ ಲೋಟ ಎತ್ತಿಕೊಂಡ. ಕೊನೆಯ ಹನಿಯವರೆಗೂ ಕುಡಿದು, ಲೋಟವನ್ನು ಇನ್ನೊಮ್ಮೆ ಬಾಯಿಗೆ ಬಗ್ಗಿಸಿ ಕೆಳಗಿಟ್ಟ. ಆಮೇಲೆ ತಟ್ಟೆಯಿಂದ ಎರಡು ಬಿಸ್ಕತ್ತು ತೆಗೆದುಕೊಂಡ. ಒಂದನ್ನು ತಿಂದ. ಇನ್ನೊಂದು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಯಿತು.

ಯಾರೂ ನೋಡಲಿಲ್ಲ ಎಂದುಕೊಂಡಿದ್ದ ಪಾಪ. ವಜೀರುನ್ನೀಸಾ ನೋಡಿದಳು. ಕೇಕಿನ ಗುಡ್ಡಗಳ ನಡುವೆ ಕೆಲಸ ಮಾಡುವವನು ಒಣ ಬಿಸ್ಕತ್ತನ್ನು ಕದಿಯುವುದೇ? ಆ ಕ್ಷಣಕ್ಕೇ ಈ ಲಾಟಿನ ತಳದಲ್ಲಿ ಏನೋ ಇದೆ ಎಂದು ಅವಳು ತೀರ್ಮಾನಿಸಿಬಿಟ್ಟಳು.

ರೂಢಿಯಂತೆ ಹುಡುಗ ಹುಡುಗಿಯನ್ನು ಸ್ವಲ್ಪ ಹೊತ್ತು ಮಾತಾಡಲು ಮಹಡಿಗೆ ಕಳಿಸಿದರು. ಬಾಗಿಲು ತೆರೆದೇ ಇತ್ತು, ಮೆಟ್ಟಿಲ ಬುಡದಲ್ಲಿ ಮುಸರ್ರತ್ ಅಕ್ಕಿಯ ಕಲ್ಲು ಆರಿಸುತ್ತ ಕಾವಲು ಕೂತಿದ್ದಳು. ಇಳಿದು ಬರುವಾಗ ಅರ್ಬಾಜ್‌ನ ಕಣ್ಣು ಕೆಂಪಗಿತ್ತು. ಅಂಬರೀನ್ ಮಾತ್ರ ನಿರಾಳವಾಗಿದ್ದಳು. ಅವನು ವಜೀರುನ್ನೀಸಾಳ ಎದುರು ನಿಂತು, “ಆಂಟಿ, ಒಂದು ಮಾತು…” ಎಂದು ಶುರುಮಾಡಿದ. ಅಂಬರೀನ್ ತಟ್ಟನೆ, “ಹೊತ್ತಾಯ್ತು, ಇನ್ನು ಬಸ್ಸು ಸಿಗಲ್ಲ” ಎಂದಳು. ಅವನು ಮಾತನ್ನು ಅಲ್ಲಿಗೇ ಬಿಟ್ಟು ಚಪ್ಪಲಿ ಮೆಟ್ಟಿದ.

“ನಂಗೆ ಒಪ್ಪಿಗೆ ಅಮ್ಮೀ,” ಎಂದಳು ಮಗಳು ಆ ಸಂಜೆ.

“ನಂಗೆ ಇನ್ನೂ ಇಲ್ಲ,” ಎಂದಳು ತಾಯಿ. ರಂಜಾನಿಗೆ ಮುಂಚಿನ ಶಾಬಾನ್ ತಿಂಗಳು ಮುಗಿಯುವುದರೊಳಗೆ ಚಿಂತಾಮಣಿಯವರಿಗೆ ಉತ್ತರ ಹೇಳಬೇಕಿತ್ತು.

ಮಗಳಿಗೆ ತಿಳಿಯದ ಹಾಗೆ ಆ ಹಡಗಿನ ಜಾತಕ ತೆಗೆಸಬೇಕು. ಅದಕ್ಕೆ ಸಿಕ್ಕಿದ್ದು ಆವಲಪ್ಪನ ಸೊಸೆ ಯಾಮಿನಿ, ಮೇಲೂರಿನ ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಒಂದು ಭಾನುವಾರ ವಜೀರುನ್ನೀಸಾ ಜಂಗಮಕೋಟೆಗೆ ಹೋಗಿ ಅವರ ಜಗಲಿಯ ಮೇಲೆ ಕೂತಳು. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿತ್ತು. ಹೆಸರು ಹೇಳಿದ್ದೇ ತಡ, ಯಾಮಿನಿಯ ಫೋನಿನಲ್ಲಿ ಉದ್ದಕ್ಕೆ ಒಂದು ಚರಿತ್ರೆಯೇ ಬಿಚ್ಚಿಕೊಂಡಿತು.

ಹಡಗು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, ಸುಮಾರು ಎಪ್ಪತ್ತು ವರ್ಷದ ಹಿಂದೆ. ಆಗ ಅದರ ಹೆಸರು ‘ಕೌಂಟೆಸ್ ಹೆಲೆನಾ’. ವಿಮಾನ ಇನ್ನೂ ಸಾಹುಕಾರರ ಸ್ವತ್ತಾಗಿದ್ದ ಕಾಲ. ಬದುಕು ಅರಸಿ ಆಸ್ಟ್ರೇಲಿಯಾಕ್ಕೆ ಹೊರಟ ಸಂಸಾರಗಳನ್ನು ಗಂಟುಮೂಟೆ ಸಮೇತ ಸಾಗರ ದಾಟಿಸಲು ಕಟ್ಟಿದ್ದು. ನೀರಿಗೆ ಇಳಿಸಿದ ದಿನವೇ ಸರಪಳಿ ಕಿತ್ತು ಇಬ್ಬರು ಕೂಲಿಗಳು ಸತ್ತರು. ಕೆಲವು ವರ್ಷಗಳಲ್ಲಿ ಮಂಜು ಮುಸುಕಿದ ಒಂದು ಬೆಳಿಗ್ಗೆ ಸರಕಿನ ಹಡಗೊಂದಕ್ಕೆ ಗುದ್ದಿತು. ಆ ಹಡಗು ಹೋಳಾಗಿ ಮುಳುಗಿ ಅದರಲ್ಲಿದ್ದವರಲ್ಲಿ ಅರ್ಧ ಜನ ಹೋದರು. ಅಷ್ಟರಲ್ಲಿ ವಿಮಾನಗಳು ಅಗ್ಗವಾಗಿ, ಹಡಗು ಹತ್ತುವವರೇ ಇಲ್ಲವಾದರು. ಮಾರಿದರು. ಕೊಂಡವರು ‘ಸದರ್ನ್ ಹೋಪ್’ ಎಂದು ಹೆಸರಿಟ್ಟು, ಒಳಗೆ ಈಜುಕೊಳ, ಕುಣಿಯುವ ಮನೆ ಎಲ್ಲ ಮಾಡಿಸಿ ವಿಹಾರದ ಹಡಗು ಮಾಡಿದರು. ಒಂದು ಹೊಸವರ್ಷದ ಪಾರ್ಟಿಯ ನಡುವೆ ಎಂಜಿನ್ನಿಗೆ ಬೆಂಕಿ ಬಿತ್ತು. ಆ ಕಂಪನಿ ದಿವಾಳಿ. ಇನ್ನೊಬ್ಬರು ಕೊಂಡರು, ಅವರಿಂದ ಮತ್ತೊಬ್ಬರು. ಕೊನೆಗೆ ಬಿಳಿ ಬಣ್ಣ ಬಳಿದು ‘ಅಜೂರಾ ಬೆಲ್’ ಎಂದರು.

“ಒಂದಲ್ಲ, ಎರಡು ಸಲ ಹೆಸರು ಬದಲಾಯ್ಸಿದ್ದಾರೆ ಅಂದ್ರೆ ಏನೋ ಮುಚ್ಚಿಡೋದಕ್ಕೇ ಅಲ್ವಾ?” ಎಂದಳು ವಜೀರುನ್ನೀಸಾ. “ಮನ್‌ಹೂಸ್ ಜಹಾಜು. ಅಪಶಕುನದ್ದು.”

“ನಮ್ಮೋರು ಹಳೇ ಮನೆ ಕೊಂಡ್ರೆ ವಾಸ್ತು ನೋಡಿ ಬಾಗ್ಲು ಬದಲಾಯ್ಸಲ್ವಾ, ಇದೂ ಅಂಗೇ ಬಿಡಿ,” ಎಂದ ಆವಲಪ್ಪ. ಹಡಗಿನ ಮೇಲೆ ಅವನಿಗೆ ಯಾಕೋ ಮರುಕ ಬಂದಿತ್ತು.

ಅಷ್ಟರಲ್ಲಿ ಯಾಮಿನಿ ಓದುವುದನ್ನು ನಿಲ್ಲಿಸಿ ಇವಳ ಮುಖ ನೋಡಿದಳು. “ಆಂಟಿ, ಈ ಹಡಗು ಈಗ ಇಲ್ಲ. ಕಂಪನಿ ಮುಳುಗಿ, ಯಾವ್ದೋ ಬಂದರಿನ ಆಚೆ ವರ್ಷಕ್ಕೂ ಜಾಸ್ತಿ ಸುಮ್ನೆ ನಿಂತಿತ್ತಂತೆ. ಆಮೇಲೆ ಗುಜರಾತಿನ ಕಡೆ ತಗೊಂಡ್ಹೋಗಿ ಗುಜರಿಗೆ ಒಡೆದುಬಿಟ್ರಂತೆ. ಆಗ್ಲೇ ಎರಡು ವರ್ಷ ಆಯ್ತು.”

ವಜೀರುನ್ನೀಸಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಒಡೆದುಹೋಗಿರೋ ಜಹಾಜಿಂದ ರಜಾ ಹಾಕಿ ಬಂದಿದ್ದಾನೆ ಹುಡುಗ,” ಎಂದಳು ವಜೀರುನ್ನೀಸಾ. ಕೋಪ ಬಂದಿತ್ತು, ಸುಳ್ಳಲ್ಲ. ಆದರೆ ಕೋಪಕ್ಕಿಂತ ಒಂದು ಗುಲಗಂಜಿ ಜಾಸ್ತಿಯೇ ಖುಷಿಯಾಗಿತ್ತು. ತನ್ನ ಕೈ ಸುಳ್ಳು ಹೇಳಲಿಲ್ಲವಲ್ಲ ಎಂಬ ಖುಷಿ.

ಮಾರನೇ ವಾರ ಗೂಡು ನೋಡುವ ನೆಪ ಹೇಳಿ, ತಂಗಿಯನ್ನು ಕರೆದುಕೊಂಡು ಚಿಂತಾಮಣಿಯ ಬಸ್ಸು ಹತ್ತಿದಳು. ಹುಡುಗನ ಮನೆಗೆ ಹೋಗಲಿಲ್ಲ. ಅವನ ಬೀದಿಯ ಮೂಲೆಯಲ್ಲಿ ಸೊಪ್ಪು ಮಾರುತ್ತಿದ್ದ ಕೊಂಡಮ್ಮನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೇಡದ ಮೆಂತ್ಯ ಸೊಪ್ಪು ಕೊಂಡು, ಬೇಕಾದ ಮಾತು ತೆಗೆದಳು.

“ಷಿಪ್ಪಾ?” ಎಂದಳು ಕೊಂಡಮ್ಮ ತೆಲುಗು ಬೆರೆತ ಕನ್ನಡದಲ್ಲಿ. “ಷಿಪ್ಪೋ ಗಿಪ್ಪೋ ನಂಗೊತ್ತಿಲ್ಲಮ್ಮ. ಆ ಅಬ್ಬಾಯಿ ಸೋಮವಾರ ಬೆಳಿಗ್ಗೇನೇ ಗೌರಿಬಿದನೂರಿಗೆ ಹೋಗ್ತಾನೆ, ಶನಿವಾರ ವಾಪಸ್ ಬರ್ತಾನೆ. ಬರೋವಾಗ ಬನ್ನು ತರ್ತಾನೆ. ನಂಗೂ ಒಂದು ಕೊಡ್ದೆ ಹೋಗಲ್ಲ. ಮಂಚಿ ಪಿಲ್ಲೋಡು.”

ಒಳ್ಳೆ ಹುಡುಗ ಎಂಬ ಆ ಮಾತು ವಜೀರುನ್ನೀಸಾಳ ಕಿವಿಗೆ ಬೀಳಲಿಲ್ಲ. ಬಾಯಿ ಮುಚ್ಚಿಸಲು ಕೊಟ್ಟ ಬನ್ನು ಎಂದುಕೊಂಡಳು. ವಾರವಿಡೀ ಗೌರಿಬಿದನೂರಿನಲ್ಲಿ ಇವನಿಗೆ ಏನು ಕೆಲಸ? ಅಲ್ಲಿ ಯಾರಿದ್ದಾರೆ? ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಆ ಪ್ರಶ್ನೆಯನ್ನು ತಿರುವಿ ತಿರುವಿ ನೋಡಿದಳು. ಮುಸರ್ರತ್‌ಳ ಗಂಡನೂ, ದುಬೈಗೆ ಹೋಗದೆ, ಮೊದಲ ಹೆಂಡತಿಯ ಹತ್ತಿರವಿದ್ದು ಹೀಗೇ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

“ಅಲ್ಲೊಂದು ಸಂಸಾರ ಇದೆ ಕಣೇ,” ಎಂದಳು ತಂಗಿಗೆ. “ಬರ್ದಿಟ್ಕೋ ಬೇಕಾದ್ರೆ.”

ಮುಸರ್ರತ್ ಮೆಂತ್ಯದ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಮನೆಗೆ ಹೋಗಣ ಆಪಾ. ಹುಡುಗನ್ನೇ ಕರೆದು ಕೇಳಿದ್ರಾಯ್ತು,” ಎಂದಳು.

“ಕಳ್ಳನ್ನ ಕರೆದು ಕದ್ದಿದ್ದೀಯಾ ಅಂತ ಕೇಳ್ತಾರಾ?”

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಮಧ್ಯಾಹ್ನದ ಬಿಸಿಲಲ್ಲಿ ಗೌರಿಬಿದನೂರಿನಲ್ಲಿ ಇಳಿದರು. ಬನ್ನು ಎಂದ ಮೇಲೆ ಬೇಕರಿಯಿಂದಲೇ ಹುಡುಕಬೇಕು. ಸಂಸಾರದ ವಿಳಾಸ ಬೇಕರಿಯವನಿಗೆ ಗೊತ್ತಿರುತ್ತದೆ ಎಂಬುದು ಅವಳ ಲೆಕ್ಕ. ನಾಲ್ಕಾರು ಅಂಗಡಿ ಅಲೆದು, ಮುನಿಗಂಗಪ್ಪ ಎಂಬವನ ಬೇಕರಿಯ ಮುಂದೆ ನಿಂತಾಗ ಅವಳು ಕೇಳುವ ಅಗತ್ಯವೇ ಬೀಳಲಿಲ್ಲ. ಗಾಜಿನ ಪೆಟ್ಟಿಗೆಯ ಹಿಂದೆ, ತೆರೆದ ಬಾಗಿಲಿನ ಆಚೆ, ಬನಿಯನ್ನು ಹಾಕಿಕೊಂಡು, ಮೊಣಕೈವರೆಗೆ ಕೈಯನ್ನು ಮೈದಾಹಿಟ್ಟಿನಲ್ಲಿ ಇಳಿಸಿ ಅರ್ಬಾಜ್ ನಾದುತ್ತಿದ್ದ.

“ಜಹಾಜು ಗೌರಿಬಿದನೂರಿಗೇ ಬಂತಾ ಬೇಟಾ?” ಎಂದಳು ವಜೀರುನ್ನೀಸಾ.

ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅರ್ಬಾಜ್ ಹಿಟ್ಟಿನಿಂದ ಕೈ ತೆಗೆದು ಹೊರಗೆ ಬಂದ.

“ಅದು ಗುಜರಿಗೆ ಹೋಗಿ ಎರಡು ವರ್ಷ ಆಯ್ತಂತಲ್ಲ. ನಮ್ಮನೆಗೆ ಬಂದು ಫೋಟೋ ತೋರಿಸಿದ್ಯಲ್ಲ, ಯಾವ ಮುಖ ಇಟ್ಕೊಂಡು ತೋರ್ಸಿದೆ? ನಾವೇನು ಕಣ್ಣಿಲ್ಲದೋರು ಅಂದ್ಕೊಂಡ್ಯಾ?”

ಅವನು ಬಾಯಿ ತೆರೆದ. ಏನೋ ಹೇಳುವವನಿದ್ದ, ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಆಮೇಲೆ ತುಟಿ ಬಿಗಿದುಕೊಂಡ. “ತಪ್ಪಾಯ್ತು ಆಂಟಿ. ಬಿಸಿಲಲ್ಲಿ ಬಂದಿದ್ದೀರ, ಕೂತ್ಕೊಳ್ಳಿ,” ಎಂದು ತಟ್ಟೆಯಲ್ಲಿ ಎರಡು ಬಿಸಿ ಬನ್ನು ಇಟ್ಟು ಮುಂದೆ ಹಿಡಿದ. ವಜೀರುನ್ನೀಸಾ ಅದನ್ನು ಮುಟ್ಟಲಿಲ್ಲ. ತಂಗಿಯ ತೋಳು ಹಿಡಿದೆಳೆದುಕೊಂಡು ಬಸ್ಸಿಗೆ ನಡೆದಳು. ಬಸ್ಸಿನಲ್ಲೇ ಕೂತು ಅವನ ತಾಯಿಗೆ ಫೋನು ಮಾಡಿ, ಆ ಮನ್‌ಹೂಸ್ ಜಹಾಜಿನ ಕಥೆ ಎಲ್ಲ ಗೊತ್ತಾಗಿದೆ, ಈ ಸಂಬಂಧ ಇಲ್ಲಿಗೆ ಮುಗಿಯಿತು ಎಂದಳು. ಆ ಕಡೆಯಿಂದ ಅಳುವುದು ಕೇಳಿಸಿತು. ಇವಳು ಫೋನಿಟ್ಟಳು.

ಸಂಜೆ ಅಂಬರೀನ್ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ತಾಯಿ ಎಲ್ಲವನ್ನೂ ಹೇಳಿದಳು. ಸರಪಳಿ ಕಿತ್ತಿದ್ದು, ಮಂಜಿನಲ್ಲಿ ಗುದ್ದಿದ್ದು, ಬೆಂಕಿ ಬಿದ್ದಿದ್ದು, ಕೊನೆಗೆ ಬನಿಯನ್ನಿನಲ್ಲಿ ನಿಂತ ಹುಡುಗ. ಗೆದ್ದು ಬಂದವಳ ಗತ್ತಿತ್ತು ಮಾತಿನಲ್ಲಿ. ಅಂಬರೀನ್ ಬಾಗಿಲ ಹತ್ತಿರವೇ ನಿಂತು ಕೇಳಿದಳು.

“ನಂಗೊತ್ತಿತ್ತು ಅಮ್ಮೀ,” ಎಂದಳು.

“ಏನು ಗೊತ್ತಿತ್ತು?”

“ಎಲ್ಲಾ. ಆವತ್ತು ಮಹಡಿ ಮೇಲೆ ಮೊದಲ್ನೇ ಮಾತೇ ಅದು. ಜಹಾಜು ಇಲ್ಲ, ಬೇಕರೀಲಿ ಕೆಲಸ ಮಾಡ್ತೀನಿ, ಚಿಂತಾಮಣೀಲಿ ಬೇಕರಿಗೆ ಸೇರಿದ್ರೆ ಜನ ಆಡ್ಕೋತಾರೆ ಅಂತ ಅವ್ರಮ್ಮ ಒಪ್ಲಿಲ್ಲ, ಅದಕ್ಕೇ ಗೌರಿಬಿದನೂರಿಗೆ ಹೋಗ್ತೀನಿ ಅಂದ. ಕೆಳಗೆ ಬಂದು ನಿಂಗೂ ಹೇಳ್ತೀನಿ ಅಂದ. ನಾನೇ ಬೇಡ ಅಂದೆ.”

ವಜೀರುನ್ನೀಸಾಳಿಗೆ ಮೊದಲು ಅರ್ಥವಾಗಲಿಲ್ಲ. “ನೀನು? ನೀನ್ಯಾಕೆ?”

“ನೀನು ಕೇಳಿಸ್ಕೊತಿರಲಿಲ್ಲ ಅಮ್ಮೀ. ಕೆಲಸ ಹೋಯ್ತು ಅಂದ್ರೆ ಯಾಕೆ ಹೋಯ್ತು, ಏನು ಮಾಡ್ದ, ಯಾರ ಹತ್ರ ಸಿಕ್ಕಿಬಿದ್ದ ಅಂತ ತಳಕ್ಕೆ ಕೈ ಹಾಕ್ತಿದ್ದೆ. ಅವನು ಹದಿನಾಲ್ಕು ತಿಂಗಳು ಆ ಜಹಾಜಿನ ಮೇಲೇ ಇದ್ದ, ಗೊತ್ತಾ? ಕಂಪನಿಯೋರು ಓಡಿಹೋದ್ರು. ಪ್ಯಾಸೆಂಜರುಗಳು ಇಳಿದು ಹೋದ್ರು. ಇವನಂಥ ಕೆಲಸದೋರನ್ನ ಮಾತ್ರ, ಕಂಪನಿ ಬಾಕಿ ಕಟ್ಟೋವರೆಗೂ, ಬಂದರಿನೋರು ಇಳಿಯೋಕೆ ಬಿಡ್ಲಿಲ್ಲ. ಊರಿನ ದೀಪ ಕಾಣ್ತಿತ್ತಂತೆ ದಿನಾ. ನೀರು ಖಾಲಿ, ಕರೆಂಟಿಲ್ಲ, ಹುಳ ಬಿದ್ದ ಅಕ್ಕಿ. ಬ್ರೆಡ್ ಮಾಡೋನು ಅವನು, ಹಿಟ್ಟಿನ ಮೂಟೆ ಕೊಡವಿ ಎಲ್ರಿಗೂ ಒಂದೊಂದು ರೊಟ್ಟಿ ಹಂಚ್ತಿದ್ದನಂತೆ. ಹೇಳ್ತಾ ಹೇಳ್ತಾ ಅತ್ತುಬಿಟ್ಟ. ಒಂದು ತಿಂಗಳು ಹೋಗ್ಲಿ, ನಿನ್ನ ಗುಣ ಅಮ್ಮೀಗೆ ಗೊತ್ತಾಗ್ಲಿ, ಆಮೇಲೆ ನಾನೇ ಹೇಳ್ತೀನಿ ಅಂದೆ. ಸುಳ್ಳು ಹೇಳಿದ್ದು ಅವನಲ್ಲ. ನಾನು.”

ಅಷ್ಟು ಹೇಳಿ ಅಂಬರೀನ್ ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಬಡಿದಿದ್ದರೆ ವಜೀರುನ್ನೀಸಾಳಿಗೆ ಜಗಳವಾಡಲು ಒಂದು ದಾರಿ ಸಿಗುತ್ತಿತ್ತು.

ಬೇಕರಿಯ ಮುಂದೆ ತೆರೆದು ಮುಚ್ಚಿದ ಆ ಬಾಯಿ ನೆನಪಿಗೆ ಬಂತು. ನಿಮ್ಮ ಮಗಳೇ ಹೇಳಬೇಡ ಅಂದಳು ಎಂಬ ಒಂದು ಮಾತು ಆಡಿದ್ದರೆ ಅವನು ಬಚಾವಾಗುತ್ತಿದ್ದ. ಊರ ಜನರ ಮುಂದೆ ಕಳ್ಳನಾಗಿ ನಿಂತ, ಆ ಮಾತು ಆಡಲಿಲ್ಲ. ತಳಕ್ಕೆ ಕೈ ಹಾಕಿ ಏನನ್ನು ಎತ್ತಿಕೊಂಡು ಬಂದೆ ತಾನು ಎಂದು ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು. ಆದರೂ ಹಠ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

“ಬಿಸ್ಕತ್ತು ಕದ್ದಿದ್ದು?” ಎಂದಳು ಗೋಡೆಗೆ ಹೇಳುವವಳಂತೆ. “ಅದನ್ನ ನಾನೇ ಕಣ್ಣಾರೆ ನೋಡ್ದೆ.”

ಮೂಲೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಮುಸರ್ರತ್ ತಲೆಯೆತ್ತಲಿಲ್ಲ. “ನಾನೂ ನೋಡ್ದೆ ಆಪಾ,” ಎಂದಳು. “ನಾನು ಅವ್ರ ಮನೆಯಿಂದ ವಾಪಸ್ ಬಂದಾಗ ದಿಂಬಿನ ಕೆಳಗೆ ರೊಟ್ಟಿ ಇಟ್ಕೊಂಡು ಮಲಗ್ತಿದ್ದೆ, ನೆನಪಿದ್ಯಾ? ಅಲ್ಲಿ ಎರಡು ದಿನಕ್ಕೊಂದ್ಸಲ ಊಟ ಹಾಕ್ತಿದ್ರು. ಇಲ್ಲಿ ಹೊಟ್ಟೆ ತುಂಬಿದ್ರೂ ಕೈ ಕೇಳ್ತಿರಲಿಲ್ಲ. ಒಂದಿನ ನೀನು ದಿಂಬು ಎತ್ತಿ ನೋಡ್ದೆ. ಕಳ್ಳಿ ಅಂದೆ.”

ವಜೀರುನ್ನೀಸಾಳಿಗೆ ದಿಂಬು ನೆನಪಿತ್ತು, ಇರುವೆ ಮುತ್ತಿದ ರೊಟ್ಟಿ ನೆನಪಿತ್ತು. ತಾನು ಆಡಿದ ಮಾತು ಮಾತ್ರ ಮರೆತುಹೋಗಿತ್ತು. ತಂಗಿ ಅದನ್ನು ಇಷ್ಟು ವರ್ಷ ಇಟ್ಟುಕೊಂಡೇ ಈ ಮನೆಯ ಅಕ್ಕಿ ಆರಿಸಿದ್ದಳು. ವಜೀರುನ್ನೀಸಾ ಹೋಗಿ ಅವಳ ಪಕ್ಕ ಕೂತು ಸೊಪ್ಪಿಗೆ ಕೈ ಹಾಕಿದಳು. ಕಣ್ಣು ಮಂಜಾಗಿ ಕಡ್ಡಿ ಯಾವುದು, ಎಲೆ ಯಾವುದು ತಿಳಿಯಲಿಲ್ಲ.

ಮಾರನೇ ದಿನ ಮಾರುಕಟ್ಟೆಗೆ ಹೋಗಲಿಲ್ಲ. ಮಗಳಿಗೆ ರಜೆ ಹಾಕಿಸಿ ಗೌರಿಬಿದನೂರಿಗೆ ಕರೆದುಕೊಂಡು ಹೋದಳು. ಬೇಕರಿಯ ಮುಂದೆ ಇಬ್ಬರನ್ನೂ ಕಂಡು ಮುನಿಗಂಗಪ್ಪ ಗಲ್ಲಾದಿಂದ ಎದ್ದು ನಿಂತ.

“ನಮ್ಮ ಹುಡುಗ ಏನು ಮಾಡಿದ್ದಾನೆ ಅಂತ ಮತ್ತೆ ಬಂದ್ರಿ ತಾಯಿ? ನಿನ್ನೆಯಿಂದ ಅನ್ನ ಮುಟ್ಟಿಲ್ಲ ಅವನು.”

“ಏನೂ ಮಾಡಿಲ್ಲ,” ಎಂದಳು ವಜೀರುನ್ನೀಸಾ. ನಿನ್ನೆಯ ಟೀ ಕುಡಿಯುವ ಗುಂಪಿನಲ್ಲಿ ಒಬ್ಬಿಬ್ಬರು ಅಲ್ಲೇ ಇದ್ದರು. ಅವರಿಗೂ ಕೇಳಲಿ ಎಂದೇ ದನಿ ಎತ್ತಿದಳು. “ನಿನ್ನೆ ನಾನು ಇಲ್ಲಿ ಆಡಿದ್ದು ತಪ್ಪು. ಹುಡುಗಂದು ತಪ್ಪಿಲ್ಲ.”

ಅರ್ಬಾಜ್ ಒಳಗಿನಿಂದ ಬಂದ. ಅಂಬರೀನ್‌ಳನ್ನು ನೋಡಿ, ಎಲ್ಲ ಗೊತ್ತಾಗಿದೆ ಎಂದು ತಿಳಿದುಕೊಂಡ.

“ನಿನ್ನೆ ಯಾಕೆ ಹೇಳ್ಲಿಲ್ಲ ಬೇಟಾ?”

“ಹೇಳಿದ್ರೆ ನೀವು ಮನೆಗೆ ಹೋಗಿ ಅವ್ರನ್ನ ಬೈತಿದ್ರಿ. ನಾನು ಹೆಂಗಿದ್ರೂ ಸಿಕ್ಕಿಬಿದ್ದಿದ್ದೆ.” ಅವನು ಕೈಯ ಹಿಟ್ಟು ಒರೆಸಿಕೊಂಡು, “ನನ್ನ ಬಗ್ಗೆ ಏನು ಕೇಳ್ಬೇಕೋ ಕೇಳಿ ಆಂಟಿ, ಎಲ್ಲಾ ಹೇಳ್ತೀನಿ. ಆದ್ರೆ ನಿನ್ನೆ ನೀವು ಫೋನಲ್ಲಿ ಅದನ್ನ ಮನ್‌ಹೂಸ್ ಜಹಾಜು ಅಂದ್ರಂತೆ, ಅಮ್ಮ ಹೇಳಿದ್ರು. ಹಂಗನ್ಬೇಡಿ,” ಎಂದ.

“ಯಾಕಪ್ಪ?”

“ಗುದ್ದಿಸಿದ್ರು, ಬೆಂಕಿ ಹಚ್ಚಿದ್ರು, ಸಾಯೋಕೆ ಬಿಟ್ಟು ಓಡಿಹೋದ್ರು. ಒಂದು ದಿನಾನೂ ಮುಳುಗ್ಲಿಲ್ಲ ಆಂಟಿ ಅದು. ಮಳೆ ಬಂದ್ರೆ ಅದ್ರ ಡೆಕ್ ಮೇಲೆ ಟಾರ್ಪಾಲು ಕಟ್ಟಿ ನೀರು ಹಿಡಿದು ಕುಡೀತಿದ್ವಿ. ಕೊನೆಗೆ ಒಡೆಯೋ ಜಾಗಕ್ಕೆ ನಾವೇ ಕೆಲವ್ರು ತಗೊಂಡ್ಹೋದ್ವಿ. ಎಲ್ಲಾ ಹಡಗೂ ದಡ ಕಂಡ್ರೆ ನಿಧಾನ ಮಾಡ್ತವೆ. ಅಲ್ಲಿ ಮಾತ್ರ ಪೂರ್ತಿ ಜೋರಾಗಿ ಮರಳಿಗೆ ನುಗ್ಗಿಸ್ಬೇಕು. ನುಗ್ತು. ನಮ್ಮನ್ನ ಮಣ್ಣಿನ ಮೇಲೆ ಇಳಿಸಿ ನಿಂತ್ಕೊಂಡ್ತು. ಅಷ್ಟೊತ್ತಿಗೆ ಅದ್ರ ಮೂತಿ ಹತ್ರ ಕಬ್ಬಿಣ ಕುಯ್ಯೋ ಕಟರ್ ಹಿಡ್ಕೊಂಡು ಜನ ಬಂದಿದ್ರು.”

ವಜೀರುನ್ನೀಸಾ ಅಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. “ನಿನ್ನೆ ಕೊಟ್ಟ ಬನ್ನು ಇದ್ಯಾ?” ಎಂದು ಕೇಳಿದಳು. ಅವನು ಇವತ್ತಿನದು ತಂದುಕೊಟ್ಟ. ಅವಳು ಅದನ್ನು ತಿರುಗಿಸಿ ತಳ ನೋಡಲು ಹೋಗಿ, ಕೈ ತಡೆದು, ಹಾಗೇ ತಿಂದಳು. ಆಮೇಲೆ ನೀರು ಕುಡಿದು, “ಭಾನುವಾರ ಅಮ್ಮನ್ನ ಕರ್ಕೊಂಡು ಮನೆಗೆ ಬಾ. ನಾನೇ ಫೋನ್ ಮಾಡಿ ಅವ್ರ ಹತ್ರ ಮಾಫಿ ಕೇಳ್ತೀನಿ,” ಎಂದಳು. ಅರ್ಬಾಜ್ ತಲೆಯಾಡಿಸಿದ. ಸಂತೋಷ ಪಡಲು ಅವನಿಗೆ ಇನ್ನೂ ಧೈರ್ಯ ಬಂದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತಾಯಿ ಮಗಳಿಗೆ ಇಬ್ಬರು ಕೂರುವ ಸೀಟು ಸಿಕ್ಕಿತು. ಮಂಚೇನಹಳ್ಳಿ ದಾಟಿದ ಮೇಲೆ ಗಾಳಿ ತಂಪಾಯಿತು. ವಜೀರುನ್ನೀಸಾ ಮಗಳ ಮುಖವನ್ನು ಓರೆಯಲ್ಲಿ ನೋಡಿದಳು. ಇಪ್ಪತ್ತೈದು ವರ್ಷ ಸಾಕಿದ ಮುಖ. ತನಗೆ ಹೆದರಿ ಒಬ್ಬ ಸತ್ಯವಂತನನ್ನು ಸುಳ್ಳುಗಾರ ಮಾಡಿದವಳು ಇನ್ನೂ ಏನೇನು ಬಚ್ಚಿಟ್ಟುಕೊಂಡಿದ್ದಾಳೋ? ಕಾಲೇಜಿನ ದಿನಗಳಲ್ಲಿ? ಲ್ಯಾಬಿನಲ್ಲಿ? ಪ್ರಶ್ನೆ ಗಂಟಲಿಗೆ ಬಂತು. ನಾಲಿಗೆಯ ತುದಿಗೂ ಬಂತು. ಅಭ್ಯಾಸಬಲದಿಂದ ಬಲಗೈ ಬುರ್ಖಾದ ತೋಳನ್ನು ಮೇಲಕ್ಕೆ ಸರಿಸುತ್ತಿತ್ತು.

ಅವಳು ತೋಳನ್ನು ಕೆಳಕ್ಕೆ ಎಳೆದುಕೊಂಡು ಕೈಯನ್ನು ಮಡಿಲಲ್ಲಿಟ್ಟಳು. ಪ್ರಶ್ನೆಯನ್ನು ನುಂಗಿಕೊಂಡಳು. ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಅವಳು ಮಾಡಿದ್ದು ಕಡಿಮೆ. ಬಸ್ಸು ಎರಡು ಊರು ದಾಟಿತು, ಮೂರನೆಯ ಊರಿನಲ್ಲಿ ಜನ ಇಳಿದರು, ಹತ್ತಿದರು.

“ಅಮ್ಮೀ,” ಎಂದಳು ಅಂಬರೀನ್ ಕಿಟಕಿಯ ಕಡೆಗೇ ನೋಡುತ್ತ. “ನಿಂಗೊಂದು ವಿಷಯ ಹೇಳಿಲ್ಲ ನಾನು.”

“ಹೇಳು,” ಎಂದಳು ವಜೀರುನ್ನೀಸಾ. ಅಂಬರೀನ್ ಹೇಳತೊಡಗಿದಳು.